ಅವಲಂಬಿತ

ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಟ್ಟ ದಿನ
ಸೊಹಾರಿನ ಆ ಕಚೇರಿಯ ಹೊರಗೆ, ಬೇವಿನ ಗಿಡದ ಚೂರು ನೆರಳಲ್ಲಿ
ಆ ಒಂದು ಪದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡಿರಿ:
ಅವಲಂಬಿತ.

ಇಪ್ಪತ್ನಾಲ್ಕು ವರ್ಷ ಸಿಗ್ನಲ್ಸಿನಲ್ಲಿದ್ದ ಸುಬೇದಾರ ದುಂಡಪ್ಪ
ಹೆಂಡತಿಯ ಪಗಾರದ ಚೀಟಿ ತೋರಿಸಿ ದೇಶದೊಳಗೆ ಬಂದವರು.
ಸಿಟ್ಟಾಗುತ್ತೀರಿ ಅಂದುಕೊಂಡೆ.
"ಇರ್ಲಿ ಬಿಡ ಕಸ್ತೂರಿ,
ಇಷ್ಟ ದಿನಾ ಸರಕಾರ ಸಾಕೇತಿ, ಇನ್ನ ನೀ ಸಾಕು"
ಅಂದವರೇ ಕರಕ್ ಚಹಾಕ್ಕೆ
ನನ್ನ ಪರ್ಸಿನಿಂದಲೇ ನೂರು ಬೈಸಾ ತೆಗೆದಿರಿ.

ನನ್ನ ಡ್ಯೂಟಿ ಆರಕ್ಕೆ. ನೀವು ನಾಲ್ಕಕ್ಕೇ ಎದ್ದು
ನನ್ನ ಬಿಳಿ ಬೂಟುಗಳನ್ನು ಹಳೇ ಪತ್ರಿಕೆಯ ಮೇಲೆ ಇಟ್ಟುಕೊಂಡು
ಕೂರುತ್ತಿದ್ದಿರಿ.
ಕರೀ ಪಾಲಿಶಿನ ಕೈ ಅದು, ಬಿಳಿಯದು ಒಗ್ಗಲು ವಾರ ಹಿಡಿಯಿತು.
ಎಡಗಾಲ ಹಿಮ್ಮಡಿಗೆ ಒಂದು ಪದರ ಹೆಚ್ಚು,
ನಾನು ಅದನ್ನೇ ಎಳೆದು ನಡೆಯುತ್ತೇನಂತೆ.
ಹದಿನೇಳು ವರ್ಷ ಸಂಸಾರ ಮಾಡಿದ್ದೆ,
ನನ್ನ ನಡಿಗೆ ಹಾಗಿದೆ ಅಂತ ಅಲ್ಲೀತನಕ ನನಗೇ ಗೊತ್ತಿರಲಿಲ್ಲ.

ರೂಪಾಲಿಗೆ ನಿದ್ದೆ ಬಾರದಿದ್ದರೆ
ಅವಳ ಬೆನ್ನ ಮೇಲೆ ಬೆರಳಲ್ಲಿ ಅವಳ ಹೆಸರು ಬಡಿಯುತ್ತಿದ್ದಿರಿ:
ಕಟ್, ಕಡಾ, ಕಟ್.
ಎರಡನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮಗು ಗೊರಕೆ.
ನನಗೂ ಕಲಿಸಿ ಅಂದಿದ್ದೆ. "ನೀ ಎದುರಿಗೇ ಅದಿಯಲ್ಲ,
ನಿನಗ್ಯಾಕ ತಂತಿ?"

ಶುಕ್ರವಾರ ಸಂಜೆ ಕಡಲ ದಂಡೆಯಲ್ಲಿ
ಸಾವಿರ ಹೆಜ್ಜೆಗಳ ನಡುವೆ ಮಗಳು ನಿಮ್ಮದನ್ನು ಹುಡುಕುವಳು.
ಎಡಪಾದಕ್ಕೆ ಮೂರೇ ಬೆರಳು.
ಉಳಿದೆರಡು ಎಲ್ಲಿ ಅಂದರೆ, "ಹಿಮದಾಗ ಠೇವಣಿ ಇಟ್ಟೀನಿ."
ಅದಕ್ಕಿಂತ ಮುಂದೆ ಆ ಚಳಿಗಾಲದ ಮಾತು
ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೇಳಿದ್ದು ಗುಲ್ ನವಾಜನಿಗೆ.
ಚಕ್ವಾಲದ ಟ್ಯಾಕ್ಸಿಯವನು, ಅವನೂ ಮಾಜಿ ಸಿಪಾಯಿ;
ಅದೇ ವರ್ಷ ಅದೇ ದಿಬ್ಬದ ಆಚೆ ಮಗ್ಗುಲಲ್ಲಿ ಇದ್ದನಂತೆ.
ಪೆಟ್ರೋಲ್ ಬಂಕಿನ ಹಿಂದೆ ಇಬ್ಬರೂ ಮೊಣಕಾಲು ಮಡಚಿ ಕೂತು
ಸಕ್ಕರೆ ಪೊಟ್ಟಣ, ಖಾಲಿ ಲೋಟ ಜೋಡಿಸಿ ನಕಾಶೆ ಮಾಡುವಿರಿ.
ಯಾರ ಲೋಟ ಯಾವ ಕಡೆ ಅಂತ ಜಗಳ.
ನಾನು ಕಾರಲ್ಲಿ ಕಾಯುತ್ತಾ ಹಾರನ್ ಒತ್ತುವೆ.

ಜೂನಿನ ಸೆಕೆಯಲ್ಲೂ ರಾತ್ರಿ ಏಸಿ ಬಂದ್ ಮಾಡುವವರು ನೀವು.
ತಣ್ಣನೆ ಗಾಳಿ ಕಾಲಿಗೆ ತಾಗಿದರೆ ಎದ್ದು ಕೂತು
ಕತ್ತಲಲ್ಲಿ ಬೂಟು ತಡಕುವಿರಿ.
ನಾನು ಬೈದಿದ್ದೇನೆ. ಒಳ್ಳೇ ಬೈದಿದ್ದೇನೆ.
ಹನ್ನೆರಡು ತಾಸು ನಿಂತು ಬಂದವಳು, ಬೆವರಲ್ಲಿ ಬೇಯುತ್ತಾ,
ದಿಂಬು ಎತ್ತಿಕೊಂಡು ಹೋಗಿ
ಅಡಿಗೆಮನೆ ನೆಲದ ಮೇಲೆ ಮಲಗಿದ್ದೂ ಇದೆ.

ನೀವು ಹೋದಾಗ ನಾನು ಎರಡು ಮಹಡಿ ಮೇಲೆ
ಬೇರೆ ಯಾರದೋ ನಾಡಿ ಹಿಡಿದಿದ್ದೆ.

ಕಾರ್ಗೋ ಕಚೇರಿಯಲ್ಲಿ ಹುಡುಗ ಕೇಳಿಕೇಳಿ ತುಂಬಿಕೊಂಡ.
ಪೆಟ್ಟಿಗೆ ಸೇರಿ ತೂಕ ನೂರಾ ಹನ್ನೆರಡು ಕಿಲೋ.
ಮೃತರಿಗೂ ನಿಮಗೂ ಸಂಬಂಧ?
ನಾನು ಬಾಯಿ ತೆರೆಯುವ ಮೊದಲೇ ಪರದೆ ನೋಡಿ ಬರೆದ:
ಸ್ಪಾನ್ಸರ್.
ಕಹಳೆ ಇರಲಿಲ್ಲ. ಬಾವುಟ ಇರಲಿಲ್ಲ.
ಗೇಟಿನ ಬಳಿ ಗುಲ್ ನವಾಜ್ ಟ್ಯಾಕ್ಸಿಯಿಂದ ಇಳಿದು
ಟೋಪಿ ಸರಿ ಮಾಡಿಕೊಂಡು, ಅಂಗೈ ತೆರೆದು ನಿಂತ.
ಲಾರಿ ತಿರುಗಿ ಮರೆಯಾದ ಮೇಲೂ ಕೈ ಇಳಿಸಲಿಲ್ಲ.
ಹಿಂದಿನ ಗಾಡಿಗಳು ಒಂದೇ ಸಮ ಹಾರನ್.

ಹನ್ನೊಂದು ದಿನದ ರಜೆ ಮುಗಿಸಿ ಬಂದಿದ್ದೇನೆ.
ಏಸಿ ಈಗ ನನ್ನದು, ಹದಿನೆಂಟಕ್ಕೆ ಇಟ್ಟೆ.
ಕಿಟಕಿಯ ಹೊರಗೆ ಅದರ ನೀರು ತಗಡಿನ ಮೇಲೆ ತೊಟ್ಟಿಕ್ಕುತ್ತದೆ,
ಬಿಟ್ಟು ಬಿಟ್ಟು, ಒಮ್ಮೆ ಗಿಡ್ಡ ಒಮ್ಮೆ ಉದ್ದ.
"ಏನಂತೈತಿ ನೋಡ ಅದು" ಅಂದೆ ರೂಪಾಲಿಗೆ.
ಅವಳು ಉಸಿರು ಹಿಡಿದು ಬಹಳ ಹೊತ್ತು ಕೇಳಿದಳು.
"ನೀರವ್ವಾ. ಬರೇ ನೀರು."

ಎದ್ದು ಬಂದ್ ಮಾಡಿದೆ.
ಸೆಕೆ ಮೆಲ್ಲಗೆ ಒಳಗೆ ಬಂದು ನಿಮ್ಮ ಮಗ್ಗುಲಲ್ಲಿ ಮಲಗಿತು.