ಸರಿದೂಗಿಸಿದ ತೂಕ

ಹಿಂದಿನ ಎರಡು ಫಿರಂಗಿಗೋಪುರ ಕತ್ತರಿಸಿದವನು ನಾನು.
ಕುರೆಯ ಡಾಕಿನಲ್ಲಿ, ಚಳಿಗೆ ತುಟಿ ಬಿರಿದಿದ್ದ ತಿಂಗಳು.
ಗ್ಯಾಸಿನ ಉರಿ ತಾಗಿದ ಕಡೆ ಉಕ್ಕು
ಮೊದಲು ನಾಚಿ ಕೆಂಪಾಯಿತು,
ಆಮೇಲೆ ಮಾನ ಬಿಟ್ಟು ಹರಿಯಿತು.

ಇಂಜಿನಿಯರ್ ಮಿನೆಗಿಷಿ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು:
ಹೀಗೇ ನೀರಿಗಿಳಿಸಿದರೆ ಬಾಲ ಎತ್ತಿ ಮೂತಿ ತಗ್ಗಿಸುತ್ತದೆ,
ಇಪ್ಪತ್ತೈದು ವರ್ಷದ ಮೂಟೆ ಇಳಿಸಿದ ಹಮಾಲಿ
ನೆಟ್ಟಗೆ ನಿಲ್ಲಲು ಮರೆತ ಹಾಗೆ.
ತುಂಬಿಸಿ ಅಂದರು. ತುಂಬಿಸಿದೆವು,
ಕಾಂಕ್ರೀಟು.
ಯುದ್ಧದ ಹಡಗಿಗೆ, ಮನೆಯ ಜಗಲಿಗೆ ಸುರಿದಂತೆ, ಬಕೆಟ್ಟು ಬಕೆಟ್ಟು.
ಇನ್ನೂ ಹಸಿಯಿದ್ದಾಗ ಇವಾನೆ
ಮರದ ಚಪ್ಪಲಿ ಒತ್ತಿ ಗುರುತು ಮಾಡಿದ.
ಹದಿನೇಳರ ಹುಡುಗ. ಮೇಸ್ತ್ರಿ ನೋಡಿಯೂ ಬೈಯಲಿಲ್ಲ.

ಅದರ ಮೇಲೆ ವಿಮಾನಗಳ ಅಟ್ಟ.
ಕವಣೆಯಿಂದ ಕಲ್ಲು ಬೀಸಿದಂತೆ ಎಸೆಯಬಹುದು;
ಮರಳಿ ಇಳಿಸಲು ಜಾಗ ಸಾಲದು.
"ಹೋದವರು ಎಲ್ಲಿ ಇಳೀತಾರೆ?" ಕೇಳಿದ ಇವಾನೆ.
"ಸಮುದ್ರ ದೊಡ್ಡದು" ಅಂದರು ಮಿನೆಗಿಷಿ,
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು.
ಮುಂದೆ ಫಿರಂಗಿ, ಹಿಂದೆ ಬಯಲು.
ನಾವು ನಮ್ಮಲ್ಲೇ ಬಾವಲಿ ಅಂತ ಕರೆದೆವು:
ಹಕ್ಕಿಯೂ ಅಲ್ಲ, ಇಲಿಯೂ ಅಲ್ಲ.

ಕೂಸು ಹುಟ್ಟುವ ಮೊದಲೇ ಕುಲಾವಿ.
ಕುಲಾವಿ ಚೆನ್ನಾಗಿಯೇ ಹೊಲಿದಿದ್ದೆವು.
ಬರಬೇಕಿದ್ದ ವಿಮಾನಗಳು ಬೇರೆ ಯಾವುದೋ ದ್ವೀಪಕ್ಕೆ ಹೋದವು,
ಅಲ್ಲೇ ಮುಗಿದವು.

ಇವಾನೆ ಅದೇ ಹಡಗಿಗೆ ಸೇರಿದ. ಒಂದು ಕಾರ್ಡು ಬರೆದ:
ತೊಮೆಕಿಚಿ ಅಣ್ಣ, ಅಟ್ಟವನ್ನು ದಿನಾ ತೊಳೆಯುತ್ತೇನೆ.
ಇಲ್ಲಿಯವರೆಗೆ ಇದರ ಮೇಲೆ ಇಳಿದದ್ದು
ಒಂದೇ ಒಂದು ಕಡಲಕಾಗೆ.
ಆಮೇಲೆ ಒಂದು ಕದನಕ್ಕೆ ಕಳಿಸಿದರಂತೆ, ಬರಿಗೈಯಲ್ಲಿ,
ಬೇಟೆಗೆ ಕಟ್ಟಿದ ಮೇಕೆಯ ಹಾಗೆ.
ಮೇಕೆ ವಾಪಸು ಬಂತು.
ಎರಡನೇ ಕಾರ್ಡು ದಕ್ಷಿಣದ ಬಂದರಿನಿಂದ:
ಅಟ್ಟದ ತುಂಬ ಪೆಟ್ರೋಲಿನ ಡ್ರಮ್ಮು, ರಬ್ಬರಿನ ಮೂಟೆ,
ಸಿಗರೇಟು ಹಚ್ಚುವಂತಿಲ್ಲ,
ಮುಂದಿನ ಮೂರು ಸಾಲಿಗೆ ಅಧಿಕಾರಿಯ ಕಪ್ಪುಮಸಿ.

ತಂದ ಎಣ್ಣೆ ಯಾರಿಗೆ ಹೋಯಿತೋ, ಹಡಗಿಗಂತೂ ಉಳಿಯಲಿಲ್ಲ.
ಕುರೆಯ ಎದುರಿನ ದ್ವೀಪದ ಪಕ್ಕ ಕಟ್ಟಿಹಾಕಿ
ಪೈನಿನ ಕೊಂಬೆ ಹೊದಿಸಿದರು. ಗುಡ್ಡದ ವೇಷ.
ವಾರಕ್ಕೆ ಕೊಂಬೆ ಒಣಗಿ, ಗುಡ್ಡ ಕಂದುಬಣ್ಣಕ್ಕೆ ತಿರುಗಿತು.
ಜುಲೈನಲ್ಲಿ, ಕೊನೆಗೂ, ಅಟ್ಟಕ್ಕೆ ವಿಮಾನಗಳು ಬಂದವು.
ನಮ್ಮವಲ್ಲ.

ಮುಳುಗಲು ನೀರು ಸಾಲಲಿಲ್ಲ. ಕೆಸರಿನಲ್ಲಿ ಕೂತುಬಿಟ್ಟಿತು,
ಮುದುಕ ಬಚ್ಚಲಲ್ಲಿ ಕೂತ ಹಾಗೆ, ಎದೆಮಟ್ಟಕ್ಕೆ.
ಇವಾನೆಯ ತಾಯಿಗೆ ಕೊಟ್ಟ ಪೆಟ್ಟಿಗೆಯಲ್ಲಿ
ಒಂದು ಕಾಗದವಿತ್ತು, ಹೆಸರು ಬರೆದದ್ದು.

ಮರುವರ್ಷ ಅಕ್ಕಿಯ ಚೀಟಿಗಾಗಿ ಮತ್ತೆ ನಾನೇ ಹೋದೆ.
ಅದೇ ಉರಿ, ಅದೇ ಕೈ. ಈ ಸಲ ನಾಚುವುದಕ್ಕೂ ಉಕ್ಕಿಗೆ ತ್ರಾಣವಿರಲಿಲ್ಲ.
ಉಕ್ಕೆಲ್ಲ ಪಾತ್ರೆಗೆ, ಹಳಿಗೆ, ಗುದ್ದಲಿಗೆ ಮಾರಾಟವಾಯಿತು.
ಕಾಂಕ್ರೀಟು ಯಾರಿಗೂ ಬೇಡ.
ಚಪ್ಪಲಿಯ ಗುರುತು ಹುಡುಕಿದೆ, ಮೂರು ದಿನ,
ಊಟದ ಹೊತ್ತಿನಲ್ಲಿ. ಸಿಗಲಿಲ್ಲ.
ಒಂದು ಉಂಡೆ ಮಾತ್ರ ಚೀಲಕ್ಕೆ ಹಾಕಿಕೊಂಡೆ.

ಹಿಸಾನೊ ಅದನ್ನು ಮೂರು ಸಲ ತೊಳೆದಳು,
ಮೂಸಿ ನೋಡಿದಳು, ಮತ್ತೆ ತೊಳೆದಳು.
ಈಗ ಅದು ಮೂಲಂಗಿ ಉಪ್ಪಿಗೆ ಹಾಕಿದ ಪೀಪಾಯಿಯ ಮೇಲಿದೆ.
ತೂಕ ಸರಿಯಾಗಿದೆ ಅನ್ನುತ್ತಾಳೆ.
ರಾತ್ರಿ ನಿದ್ದೆ ಬಾರದಾಗ ಕೇಳಿಸುತ್ತದೆ:
ಅದರ ಕೆಳಗೆ ಮೂಲಂಗಿ
ನೀರು ಬಿಡುತ್ತಿದೆ.