ಕೆಂಪು ಸೊನ್ನೆ

ಐದೇಟು. ಅಷ್ಟೇ ನಾನು ಕಂಡದ್ದು.
ಬೇಳೆ ಬೇಯದೆ ತಡವಾಗಿತ್ತು ಅವತ್ತು, ಬಾಳೆಲೆಯ ಶಾಲೆಯಲ್ಲಿ;
ಸೌಟು ಹಿಡಿದವಳು ಹಾಗೇ ಕಿಟಕಿಗೆ ಬಂದೆ.
ರೊಬಸ್ಟಾ ಬರಲು, ಎಲೆ ಸವರಿ ನಯ ಮಾಡಿದ್ದು.
ತಂದುಕೊಟ್ಟವನೂ ಅದೇ ರತೀಶ,
ಬೆಳಿಗ್ಗೆ, ಮೇಷ್ಟ್ರು ತನಗೇ ಹೇಳಿದರೆಂಬ ಖುಷಿಯಲ್ಲಿ.

ಅಕ್ಕಿ ತಂದ ಜೀಪಿನ ಹುಡುಗ
ಮೂಟೆ ಇಳಿಸಿ ಫೋನು ಎತ್ತಿದ.
ಹನ್ನೊಂದು ಸೆಕೆಂಡು.
ಬೇಲಿಯಾಚೆ ತೋಟವೆಲ್ಲ ಹೂಬಿಟ್ಟು ಘಮ್ಮೆನ್ನುತ್ತಿತ್ತು,
ಅದು ವಿಡಿಯೋದಲ್ಲಿ ಬರುವುದಿಲ್ಲ.

ರಾತ್ರಿ ಟಿವಿಯಲ್ಲಿ ಅದೇ ಐದೇಟು,
ಢಂ ಎಂಬ ಸದ್ದು ಸೇರಿಸಿ, ನಿಧಾನ ಮಾಡಿ,
ಹಿಂದಕ್ಕೆಳೆದು, ಮತ್ತೆ.
ದಿನಾ ಮೊಟ್ಟೆ ಎಣಿಸುವವಳು ನಾನು, ಎಣಿಸಿದೆ:
ಇನ್ನೂರ ಮೂವತ್ತೈದಕ್ಕೆ ಜಾಹೀರಾತು ಬಂತು,
ಸೋಪಿನದು.
ಕೋಟು ತೊಟ್ಟ ನಾಲ್ವರು ಕೂಗಾಡಿದರು ಆಮೇಲೆ.
ಏಟು ತಿಂದೇ ನಾನು ಮನುಷ್ಯನಾದದ್ದು ಅಂದನೊಬ್ಬ.
ಸರಿಯಾಗಿ ನೋಡಿದೆ ಅವನನ್ನು.

ಹುಡುಗನ ಮುಖ ಮಸುಕು ಮಾಡಿದ್ದರು ಪಾಪ.
ಆದರೆ ಅಂಗಿಯ ತೋಳಿಗೆ ಬೆಳ್ಳಿ ಹಾಕಿದ ಹಸಿರು ತೇಪೆ
ಯಾರಿಗೆ ಗೊತ್ತಿಲ್ಲ ಇಲ್ಲಿ?
ಲೈನ್‌ಮನೆಯಲ್ಲಿ ಕರೆಂಟಿರಲಿಲ್ಲ ಅವತ್ತು.
ಮಾರನೆ ದಿನ ಹಾಜರಿ ಹೊತ್ತಿಗೆ
ತೋಟದ ರೈಟರ್ ತನ್ನ ಫೋನಿನಲ್ಲಿ ತೋರಿಸಿದ ಬೆಳ್ಳಿಗೆ.
ಮಾನ ಕಳೆದೆಯಲ್ಲೋ ಅಂತ ಅವಳೂ ಎರಡು ಬಿಟ್ಟಳು ಮಗನಿಗೆ,
ಬಿಟ್ಟು, ತಾನೇ ಅತ್ತಳು.

ತಿತಿಮತಿ ದಾಟಿ ಬಂತು, ನೆತ್ತಿಯ ಮೇಲೆ ತಟ್ಟೆ ಹೊತ್ತ ವ್ಯಾನು.
“ಪುಟ್ಟಾ, ಕೈ ಹೇಗೆ ಚಾಚಿದ್ದೆ? ಇನ್ನೊಂದ್ಸಲ.”
ಚಾಚಿದ.
“ಬೆಳಕು ಸಾಲದು, ಆ ಕಡೆ ತಿರುಗು.”
ತಿರುಗಿದ.
ಹೇಳಿದ ಮಾತು ಕೇಳುವ ಹುಡುಗ, ನೋಡಿ.

ಊಟಕ್ಕೆ ತಟ್ಟೆ ಹಿಡಿದು ಬಂದವನು ಮೆಲ್ಲಗೆ ಕೇಳಿದ:
ಅಕ್ಕಾ, ಲೆಕ್ಕದ ಪುಸ್ತಕದಲ್ಲಿ ಹಾಕುವ ಹಾಗೆ
ಟಿವಿಯವರೂ ನನ್ನ ಸುತ್ತ ಕೆಂಪು ಸೊನ್ನೆ ಹಾಕಿದ್ದಾರಲ್ಲ,
ನಾನು ಎಲ್ಲಿ ತಪ್ಪಿದೆ?

ಮೇಷ್ಟ್ರು ಅಮಾನತು. ಆಗಬೇಕಾದ್ದೇ.
ಹೋದ ವರ್ಷ ಮುತ್ತಿಯ ಮಗಳ ಕಿವಿ ಸೋರತೊಡಗಿತು
ಅದೇ ಕೈಯ ಪೆಟ್ಟಿಗೆ.
ಆಗ ಯಾರೂ ಫೋನು ಎತ್ತಿರಲಿಲ್ಲ,
ಹಾಗಾಗಿ ಅದು ನಡೆಯಲೇ ಇಲ್ಲ.

ಹೊಸ ಮೇಷ್ಟ್ರು ಕೈ ಎತ್ತುವುದಿಲ್ಲ.
ರತೀಶನ ಬೆಂಚಿನ ಕಡೆ ಕಣ್ಣೂ ಎತ್ತುವುದಿಲ್ಲ.
ಗೇಟಿಗೊಂದು ಬೋರ್ಡು ಬಂದಿದೆ:
ಒಳಗೆ ಮೊಬೈಲ್ ನಿಷೇಧಿಸಿದೆ.

ಜೀಪಿನ ಹುಡುಗ ನನಗೂ ಕಳಿಸಿದ್ದಾನೆ ಅದನ್ನು.
ಅಳಿಸಬೇಕು ಅಂತ ತೆಗೆಯುತ್ತೇನೆ, ನೋಡುತ್ತ ಕೂರುತ್ತೇನೆ.
ಏಳನೇ ಸೆಕೆಂಡಿಗೆ, ಕಿಟಕಿ ಸರಳಿನ ಹಿಂದೆ
ಒಂದು ಕೈ, ಗಾಜಿನ ಬಳೆ, ಸೌಟು.
ಅಲುಗದೆ ನಿಂತ ಸೌಟು, ಅದರ ತುದಿಯಿಂದ ಸಾರು
ತೊಟ್ಟಿಕ್ಕುತ್ತಿದೆ.
ಅದಕ್ಕೆ ಯಾರೂ ಸುತ್ತು ಹಾಕಿಲ್ಲ.