ಸೂರ್‌ನಲ್ಲಿ ಶುಕ್ರವಾರ

ಈ ಊರಲ್ಲಿ ಚರ್ಚಿಲ್ಲ. ಮಸ್ಕತ್ತು ದೂರ,
ಮಾಮಾ ಬಿಡುವುದಿಲ್ಲ. ಅಡುಗೆಮನೆಯಲ್ಲೇ
ಮೀನು ಉಜ್ಜುತ್ತ ಅರ್ಧ ಕೀರ್ತನೆ.

ಮುತ್ತಜ್ಜಿ ಕರ್ಗಿಗೆ ಪಾದ್ರಿ ಪೆರ್ಸಿಸ್ ಎಂದು ಹೆಸರಿಟ್ಟ,
ಮನೆಯ ಗಗ್ಗರ ಬಾವಿಗೆ ಎಸೆಸಿದ.
ಯೇಸುವಿನ ಕತೆಗೆ ಅವಳು ಕಿವಿಯೊಡ್ಡಿ ಕೂತಳಂತೆ:
ಬಡಗಿಯ ಮಗ. ಉಳ್ಳವರು ಕೂಡಿ ಕೊಂದರು.
ಮೂರನೇ ದಿನ ಗೋರಿಯಲ್ಲಿ ಹೆಣವಿಲ್ಲ.
"ಅಂದರೆ ಮಾಯವಾದ," ಎಂದಳು. "ನಮ್ಮವನೇ.
ನಮ್ಮ ದೈವಗಳು ಮತ್ತೆ ಹೇಗೆ ಹುಟ್ಟಿದ್ದು?"
ಪಾದ್ರಿ ಆಮೆನ್ ಅಂದನೋ, ಬರೀ ಕೆಮ್ಮಿದನೋ.
ಆಮೇಲೆ ಪ್ರತಿ ಶುಭ ಶುಕ್ರವಾರ
ಮಿಶನ್ ಕಂಪೌಂಡಿನ ಶಿಲುಬೆಯ ಬುಡದಲ್ಲಿ
ಒಂದು ಎಳನೀರು, ಹಿಡಿ ಹೊದಳು.
ಯಾರಿಟ್ಟದ್ದೆಂದು ಯಾರೂ ಕೇಳಲಿಲ್ಲ.

ಮಗ್ರಿಬ್ ಕಳೆದು ಹಿಂದಿನ ಓಣಿಯಲ್ಲಿ ಡೋಲು.
ಹಡಗು ಕಟ್ಟುವವರ ಮನೆಯ ಮುದುಕಿ ಜುವೈನಾಳ ಮೈಮೇಲೆ
ಕಡಲಾಚೆಯದೇನೋ ಬಂದಿದೆ.
ಮೊದಲು ಅಲ್ಲಾಹನ ಹೆಸರು, ಆಮೇಲೆ
ಜಂಜಿಬಾರಿನ ಯಾವುದೋ ಹೆಸರು.
ಅದಕ್ಕೆ ಕಾಫಿ ಬೇಕಂತೆ, ಕೆಂಪು ಬಟ್ಟೆಯೂ.

ಕಿಟಕಿ ಹಾಕಲು ಹೋದವಳು
ಹಾಕಲಿಲ್ಲ.
ಬೆರಳಿಗೆ ಮೀನಿನ ಹುರುಪೆ ಅಂಟಿದೆ.
ಕೆಳಗೆ ಹಿಮ್ಮಡಿ ತಾನಾಗಿ ನೆಲ ಕುಟ್ಟುತ್ತಿದೆ.
ಬಾವಿಯೊಳಗಿನದು ಇಲ್ಲಿಗೆ ಕೇಳುತ್ತದೆಯೇ?